ಲತಕ್ಕ ರಾಡು ಎತ್ತಿದ ಬೇಸಿಗೆ

ಬಳ್ಳಾರಿ ರಸ್ತೆಯನ್ನು ಆಗಿನ್ನೂ ಯಾರೂ ಏರ್‌ಪೋರ್ಟ್ ರೋಡು ಅನ್ನುತ್ತಿರಲಿಲ್ಲ. ಯಲಹಂಕ ದಾಟಿ ಬಾಗಲೂರಿನ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಚಪ್ಪರಗಳಿದ್ದವು. ಬೇಸಿಗೆ ರಜೆ ಬಂತೆಂದರೆ ನನ್ನ ವಯಸ್ಸಿನ ಹುಡುಗಿಯರಿಗೆಲ್ಲ ಬೀದಿಯಲ್ಲಿ ಕುಂಟೆಬಿಲ್ಲೆ, ತೋತಾಪುರಿ ಮಾವಿನ ಹೋಳುಗಳಿಗೆ ಉಪ್ಪು ಖಾರ, ಟೆರೇಸಿನ ಮೇಲೆ ಹಪ್ಪಳ ಕಾಯುವ ಕೆಲಸ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅಂಥ ರಜೆಗಳು ನೆನಪಿರಬಹುದು. ನನಗೂ ಇವೆ. ಆದರೆ ಎಂಟನೇ ಕ್ಲಾಸಿನ ಪರೀಕ್ಷೆ ಮುಗಿದ ಆ ಒಂದು ಬೇಸಿಗೆಯನ್ನು ನೆನೆದಾಗ ನನ್ನ ಮೂಗಿಗೆ ಬರುವುದು ಮಾವಿನಕಾಯಿಯ ಸೊನೆಯಲ್ಲ, ತುಕ್ಕು ಹಿಡಿದ ಕಬ್ಬಿಣದ ವಾಸನೆ. ಅದರ ಬೆನ್ನಿಗೇ ಕೋಪ ಬರುತ್ತದೆ. ಇಷ್ಟು ವರ್ಷವಾದರೂ ಅದು ತಣ್ಣಗಾಗಿಲ್ಲ.

ನಮ್ಮ ಮನೆ ಇದ್ದದ್ದು ಯಲಹಂಕದ ಹಳೇ ಊರಿನಲ್ಲಿ. ಮನೆಯ ಗೋಡೆಗೆ ಅಂಟಿಕೊಂಡೇ ದನದ ಕೊಟ್ಟಿಗೆಯಿತ್ತು. ದನ ಮಾರಿದ ಮೇಲೆ ಅಪ್ಪ ಆ ಕೊಟ್ಟಿಗೆಗೆ ನೆಲ ಮಾಡಿಸಿ, ಹಿಂದಿನ ಓಣಿಯ ಕಡೆಗೆ ಒಂದು ಷಟರ್ ಇಡಿಸಿ ಜಿಮ್ಮಿಗೆ ಬಾಡಿಗೆ ಕೊಟ್ಟಿದ್ದರು. ಬೆಳಿಗ್ಗೆ, ಸಂಜೆ ಊರಿನ ಹುಡುಗರು ಬಂದು ತೂಕ ಎತ್ತುತ್ತಿದ್ದರು. ಅವರು ರಾಡನ್ನು ಕೆಳಗೆ ಬಿಟ್ಟಾಗಲೆಲ್ಲ ನಮ್ಮ ಅಡುಗೆಮನೆಯ ಗೂಟದಲ್ಲಿ ನೇತುಹಾಕಿದ ಜಾಲರಿ, ಸೌಟುಗಳು ಗಲಗಲ ಅನ್ನುತ್ತಿದ್ದವು. ಜಿಮ್ ನಡೆಸುತ್ತಿದ್ದವರು ಯೂಸುಫ್. ಊರಿಗೆಲ್ಲ ಅವರು ಮಾಸ್ಟರ್. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಸಿಟ್ಟಿನ ಮನುಷ್ಯ, ಜೊತೆಗೆ ಸ್ವಲ್ಪ ಬಡಾಯಿ. ಹರೆಯದಲ್ಲಿ ತಾವು ಗೆದ್ದ ಒಂದು ಕಪ್ಪಿನ ಕಥೆಯನ್ನು ಹೇಳುವಾಗಲೆಲ್ಲ ಎದುರಾಳಿಯ ಊರು ಬದಲಾಗುತ್ತಿತ್ತು.

ನನ್ನ ಅಕ್ಕ ಲತಾ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಅಗಲ ಭುಜ, ತುಂಬಿದ ಕೆನ್ನೆ, ದೊಡ್ಡ ಮೈ. ಸಂಪಿನಿಂದ ಎರಡು ಕೈಯಲ್ಲಿ ಎರಡು ಬಿಂದಿಗೆ ನೀರು ಹಿಡಿದು ಮೆಟ್ಟಿಲು ಹತ್ತಿದರೂ ಅವಳಿಗೆ ಏದುಸಿರು ಬರುತ್ತಿರಲಿಲ್ಲ. ಬೀದಿಯ ಹುಡುಗರು ಅವಳಿಗೆ ಇಟ್ಟಿದ್ದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಈಗ ಓದುವ ವಯಸ್ಸಿಗೆ ಬಂದಿದ್ದಾರೆ.

ಏಪ್ರಿಲ್ ಶುರುವಿನಲ್ಲಿ ಹೆಸರಘಟ್ಟದ ಕಡೆಯಿಂದ ಅವಳನ್ನು ನೋಡಲು ಬಂದರು. ದೊಡ್ಡಪ್ಪ ತಂದ ಸಂಬಂಧ. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ಎದುರುಮನೆಯಲ್ಲೇ ಇದ್ದವರು. ಅವರ ಮುಂದೆ ನಮ್ಮಪ್ಪ ಕುರ್ಚಿಯಲ್ಲಿ ಸಹ ಕೂರುತ್ತಿರಲಿಲ್ಲ. ಬಂದವರು ಕೇಸರಿಬಾತು, ಬೋಂಡ ಎಲ್ಲ ಚೆನ್ನಾಗಿಯೇ ತಿಂದರು. ಗಂಡಿನ ಷರ್ಟಿನ ಗುಂಡಿಗಳು ಹೊಟ್ಟೆಯ ಹತ್ತಿರ ಬಾಯಿ ಬಿಟ್ಟುಕೊಂಡಿದ್ದವು. ಅದನ್ನು ಯಾರೂ ನೋಡಲಿಲ್ಲ. ಗಂಡಿನ ತಾಯಿ ಕೈಯಲ್ಲಿ ಬೋಂಡ ಹಿಡಿದುಕೊಂಡೇ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು.

"ಮೊಕ ಲಕ್ಷಣವಾಗೈತೆ. ಮೈಯೇ ಒಸಿ ಜಾಸ್ತಿ. ಒಸಿ ಇಳ್ಸಿ. ಆಸಾಡ ಕಳೀಲಿ, ಆಮೇಲ್ ಮಾತಾಡಾನ."

ದನದ ಸಂತೆಯಲ್ಲೂ ಇದಕ್ಕಿಂತ ಮರ್ಯಾದೆಯಾಗಿ ಮಾತಾಡುತ್ತಾರೆ. ಅಕ್ಕ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ದೊಡ್ಡಪ್ಪ ನಕ್ಕು, "ಅದಕ್ಕೇನಂತೆ, ಇಳ್ಸಾನ ಬುಡಿ" ಅಂದರು.

ಇಳಿಸುವ ಜವಾಬ್ದಾರಿಯನ್ನು ದೊಡ್ಡಮ್ಮ ವಹಿಸಿಕೊಂಡರು. ಬೆಳಿಗ್ಗೆ ಹುರುಳಿಕಾಳು ಬೇಯಿಸಿ ಬಸಿದ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ನೀರು ಮಜ್ಜಿಗೆ. "ಇಟ್ಟಿನ ವಾಸ್ನೆನೂ ಅವ್ಳಿಗೆ ತೋರುಸ್ಬ್ಯಾಡ" ಅಂತ ಅಮ್ಮನಿಗೆ ತಾಕೀತು. ನಾವೆಲ್ಲ ಸುತ್ತ ಕೂತು ಬಿಸಿ ಮುದ್ದೆ, ಬಸ್ಸಾರು ಉಣ್ಣುವಾಗ ಅಕ್ಕ ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು. ಅದೂ ಸಾಲದೆ ದೊಡ್ಡಮ್ಮ ವಾರಕ್ಕೊಮ್ಮೆ ಅವಳನ್ನು ರಾಗಿ ಮಿಲ್ಲಿಗೆ ಕರೆದುಕೊಂಡು ಹೋಗಿ, ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಹಿಟ್ಟಿಗೆ ಕಾದು ಕೂತ ಹೆಂಗಸರು, ಮಿಲ್ಲಿನವನು, ಬಾಗಿಲಲ್ಲಿ ಬೀಡಿ ಸೇದುತ್ತಿದ್ದವರು, ಎಲ್ಲರ ಮುಂದೆ. ಮಿಲ್ಲಿನವನು ಗಟ್ಟಿಯಾಗಿ ತೂಕ ಓದುತ್ತಿದ್ದ. ನಾನು ಜೊತೆಗೆ ಹೋಗುತ್ತಿದ್ದೆ. ಅಕ್ಕ ಆಗ ಎತ್ತ ನೋಡುತ್ತಿದ್ದಳು ಅಂತ ಬರೆಯಬೇಕೆಂದರೆ ನನಗೆ ಗೊತ್ತಿಲ್ಲ. ಅವಳ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕ ಕುಸಿದುಬಿದ್ದಳು. ಹಣೆ ಕಲ್ಲಿಗೆ ತಾಗಿ ರಕ್ತ ಬಂತು. ಅಮ್ಮ ಅಳುತ್ತಾ ಅರಿಶಿನ ಮೆತ್ತಿದಳು. ದೊಡ್ಡಮ್ಮ ಬಂದು ನೋಡಿ, "ಏನಾಗಲ್ಲ. ಕೊಬ್ಬು ಕರಗ್ತಾ ಐತೆ, ಅದ್ಕೇ ತಲೆ ಸುತ್ತದೆ" ಅಂದರು.

ಮಾರನೇ ಮಧ್ಯಾಹ್ನ ಅಕ್ಕ ನನ್ನ ಕೈ ಹಿಡಿದು ಹಿಂದಿನ ಓಣಿಗೆ ಕರೆದುಕೊಂಡು ಹೋದಳು. ಜಿಮ್ಮಿಗೆ ಆಗ ಬಿಡುವಿನ ಹೊತ್ತು. ಮಾಸ್ಟರ್ ಒಬ್ಬರೇ ಕೂತು ರಾಡಿಗೆ ಎಣ್ಣೆ ಬಟ್ಟೆ ಉಜ್ಜುತ್ತಿದ್ದರು.

"ಮಾಸ್ಟರ್, ನಂಗೂ ತೂಕ ಎತ್ತೋದು ಹೇಳ್ಕೊಡಿ" ಅಂದಳು ಅಕ್ಕ.

ಮಾಸ್ಟರ್ ನಕ್ಕುಬಿಟ್ಟರು. "ಇದು ಲೇಡೀಸ್‌ಗೆ ಅಲ್ಲಮ್ಮಾ. ನಿಮ್ ದೊಡ್ಡಪ್ಪ ನನ್ನ ಇಲ್ಲಿ ಇರೋಕೆ ಬಿಡ್ತಾರಾ?"

"ನಾನು ಮೈ ಇಳಿಸ್ಬೇಕಂತೆ. ಊಟ ಬಿಟ್ಟಿದೀನಿ. ನಿನ್ನೆ ಬಿದ್ದುಹೋದೆ."

ಅವರು ಅವಳ ಹಣೆಯ ಗಾಯ ನೋಡಿದರು. "ಇವತ್ತು ಏನ್ ತಿಂದೆ?"

"ಸೌತೆಕಾಯಿ."

ಮಾಸ್ಟರಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ನನಗೆ ತಿಳಿಯಲಿಲ್ಲ. "ನಾಳೆ ಹೊಟ್ಟೆ ತುಂಬ ಊಟ ಮಾಡ್ಕೊಂಡ್ ಬಾ. ಖಾಲಿ ಹೊಟ್ಟೇಲಿ ಬಂದ್ರೆ ರಾಡು ಮುಟ್ಟೋಕೂ ಬಿಡಲ್ಲ. ನಮ್ಮ ಮನೆಯವಳನ್ನ ಕರ್ಕೊಂಡ್ ಬರ್ತೀನಿ, ಅವಳೂ ಇಲ್ಲೇ ಕೂತಿರ್ತಾಳೆ. ಷಟರ್ ಪೂರ್ತಿ ತೆಗೆದೇ ಇರ್ಬೇಕು. ಗೊತ್ತಾಯ್ತಾ?"

ಈ ಮಾತನ್ನು ದಯವಿಟ್ಟು ನೆನಪಿಡಿ. ಷಟರ್ ಪೂರ್ತಿ ತೆಗೆದೇ ಇತ್ತು. ಒಂದು ದಿನವೂ ಮುಚ್ಚಿರಲಿಲ್ಲ. ಅವರ ಹೆಂಡತಿ ನಸೀಮಾ ಒಂದು ದಿನವೂ ತಪ್ಪಿಸಲಿಲ್ಲ. ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದರು, ಬಾಗಿಲ ಪಕ್ಕ ಚಾಪೆ ಹಾಕಿಕೊಂಡು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದರು. ನಾವು ಅವರನ್ನು ಆಂಟಿ ಅನ್ನುತ್ತಿದ್ದೆವು, ಅವರು ನಮ್ಮನ್ನು ಬೇಟಾ ಅನ್ನುತ್ತಿದ್ದರು.

ಅಮ್ಮನಿಗೆ ಎಲ್ಲ ಗೊತ್ತಿತ್ತು. ಬಾಯಲ್ಲಿ ಒಂದು ಮಾತೂ ಆಡಲಿಲ್ಲ, ಆದರೆ ದೊಡ್ಡಮ್ಮ ಮಧ್ಯಾಹ್ನದ ನಿದ್ದೆಗೆ ಹೋದ ಕೂಡಲೇ ಉಗ್ರಾಣದ ಮೂಲೆಯಲ್ಲಿ ಅಕ್ಕನಿಗೆ ತಟ್ಟೆ ಇಡುತ್ತಿದ್ದಳು. ಒಂದು ಮುದ್ದೆ, ಹುರುಳಿಕಾಳಿನ ಸಾರು, ಬೇಯಿಸಿದ ಮೊಟ್ಟೆ. ಹುರುಳಿ ನೀರನ್ನು ಕುಡಿಸಿ ಕಾಳನ್ನು ತಮ್ಮ ಮನೆಯ ಎಮ್ಮೆಗೆ ಹಾಕಿಸುತ್ತಿದ್ದರಲ್ಲ ದೊಡ್ಡಮ್ಮ, ಆ ಕಾಳು ಈಗ ಅಕ್ಕನ ಹೊಟ್ಟೆಗೆ ಬಂತು.

ಮಾಸ್ಟರ್ ಹೇಳಿಕೊಟ್ಟಿದ್ದು ಬಹಳ ಏನಿಲ್ಲ. ವಾರದಲ್ಲಿ ಮೂರು ದಿನ ಎತ್ತುವುದು, ಉಳಿದ ದಿನ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯುವುದು. ಎತ್ತುವ ದಿನ ಮೂರೇ ಕೆಲಸ. ರಾಡನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆಯುವುದು, ರಾಡನ್ನು ಎದೆಯಿಂದ ತಲೆಯ ಮೇಲಕ್ಕೆ ತಳ್ಳುವುದು, ಕೊನೆಗೆ ನೆಲದ ಮೇಲಿದ್ದ ರಾಡನ್ನು ಹಿಡಿದು ನೆಟ್ಟಗೆ ನಿಲ್ಲುವುದು. ಮೊದಲ ವಾರವೆಲ್ಲ ಖಾಲಿ ರಾಡು. ನನಗೂ ಒಂದು ಚಿಕ್ಕ ರಾಡು ಕೊಟ್ಟರು. ತಲೆಯ ಮೇಲಕ್ಕೆ ತಳ್ಳುವುದೆಂದರೆ ನನಗೆ ಬಲು ಇಷ್ಟ. ಕೈ ಜಾರದಿರಲಿ ಅಂತ ಬಳಪ ಪುಡಿ ಮಾಡಿ ಅಂಗೈಗೆ ಸವರಿಕೊಳ್ಳುತ್ತಿದ್ದೆವು. ಮನೆಗೆ ಹೋಗುವ ಮುಂಚೆ ನಲ್ಲಿಯಲ್ಲಿ ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಉಳಿಯುತ್ತಿತ್ತು.

ಅಕ್ಕನಿಗೆ ಪ್ರಿಯವಾದದ್ದು ನೆಲದಿಂದ ಎತ್ತುವುದು. ಮೊದಮೊದಲು ಸೊಂಟ ಬಗ್ಗಿಸಿ ಎಳೆಯುತ್ತಿದ್ದಳು. ಮಾಸ್ಟರ್ ಬೈಯುತ್ತಿದ್ದರು. "ಬೆನ್ನಲ್ಲಿ ಎಳೀಬೇಡ! ಕಾಲಲ್ಲಿ ನೆಲಾನ ತಳ್ಳು. ರಾಡು ತಾನಾಗೇ ಬರ್ತದೆ." ಒಂದು ದಿನ ಅದು ನಿಜವಾಗಿಯೂ ತಾನಾಗೇ ಬಂತು. ರಾಡಿನ ಎರಡು ತುದಿಗೂ ಕಬ್ಬಿಣದ ದೊಡ್ಡ ಬಿಲ್ಲೆಗಳು ಇದ್ದವು. ಅಕ್ಕ ಉಸಿರು ಕಟ್ಟಿ, ನಿಧಾನವಾಗಿ ಎದ್ದು, ನೆಟ್ಟಗೆ ನಿಂತಳು. ಗೋಡೆಯ ಮೇಲಿನ ಹನುಮಂತನ ಪಟದ ಕಡೆ ನೋಡುತ್ತಾ ಇದ್ದವಳು ಇದ್ದಕ್ಕಿದ್ದಂತೆ ನಕ್ಕಳು. ಆ ಬೇಸಿಗೆಯಲ್ಲಿ ನಾನು ಕಂಡ ಅವಳ ಮೊದಲ ನಗು ಅದು. ನಸೀಮಾ ಆಂಟಿ ಮೊರ ಬದಿಗಿಟ್ಟು ಚಪ್ಪಾಳೆ ತಟ್ಟಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ನಾನೂ ನೋಡ್ತೀನಿ ತಡಿ" ಅಂತ ಚಿಕ್ಕ ರಾಡಿಗೆ ಕೈ ಹಾಕಿದರು. ಮಾಸ್ಟರ್ ತಲೆ ಚಚ್ಚಿಕೊಂಡರು.

"ಮೈ ಯಾವಾಗ ಇಳಿಯುತ್ತೆ ಮಾಸ್ಟರ್?" ಅಂತ ಅಕ್ಕ ಕೇಳಿದ್ದು ಶುರುವಿನಲ್ಲಿ ಮಾತ್ರ. "ಅದು ನಿಧಾನ. ಮೊದ್ಲು ಶಕ್ತಿ ಬರ್ಲಿ. ತಕ್ಕಡಿ ಹತ್ತಬೇಡ, ಬಟ್ಟೆ ನೋಡು" ಅಂದಿದ್ದರು. ಮೇ ಮುಗಿಯುವ ಹೊತ್ತಿಗೆ ಅವಳ ಚೂಡಿದಾರಗಳನ್ನು ಅಮ್ಮ ಎರಡು ಪಕ್ಕವೂ ಹಿಡಿದು ಹೊಲಿಯಬೇಕಾಯಿತು. ಆದರೆ ಅಷ್ಟರಲ್ಲಿ ಅಕ್ಕ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು. ಈಗ ಕೇಳುತ್ತಿದ್ದದ್ದು ಬೇರೆ. ಮಾಸ್ಟರ್ ಒಮ್ಮೆ ಮಾತಿಗೆ, "ಸ್ಟೇಟ್ ಮೀಟ್‌ನಲ್ಲಿ ಹುಡುಗೀರೂ ಎತ್ತುತಾರೆ. ನೀನು ಹಿಂಗೇ ಮಾಡಿದ್ರೆ ವರ್ಷದೊಳಗೆ ನಾನೇ ಕರ್ಕೊಂಡ್ ಹೋಗ್ತೀನಿ" ಅಂದಿದ್ದರು. ಅವರ ಬಡಾಯಿ ಗೊತ್ತಿದ್ದ ನಾನು ನಂಬಿರಲಿಲ್ಲ. ಅಕ್ಕ ನಂಬಿದ್ದಳು. ಮಲಗುವ ಮುಂಚೆ ಕೇಳುತ್ತಿದ್ದಳು, "ಅಲ್ಲಿಗೆ ಎಂಥ ಬಟ್ಟೆ ಹಾಕ್ಕೋಬೇಕೋ ಏನೋ ಕಣೇ?"

ಆ ವಾರವೂ ದೊಡ್ಡಮ್ಮ ಮಿಲ್ಲಿಗೆ ಕರೆದುಕೊಂಡು ಹೋದರು. ನೋಡುವುದಕ್ಕೆ ಅಕ್ಕ ಸಣ್ಣಗಾಗಿದ್ದಳು, ತಕ್ಕಡಿಯಲ್ಲಿ ಮಾತ್ರ ಅಂಥ ವ್ಯತ್ಯಾಸ ಇರಲಿಲ್ಲ. ದೊಡ್ಡಮ್ಮನಿಗೆ ಅನುಮಾನ ಬಂತು. ಅವಳ ತೋಳು ಹಿಸುಕಿ ನೋಡಿದರು. "ಏನೇ ಇದು, ಗಂಡುಸ್ರ ತೋಳು ಆಗೈತೆ?" ಆ ಮಧ್ಯಾಹ್ನ ಅವರು ನಿದ್ದೆ ಮಾಡಲಿಲ್ಲ. ನಮ್ಮ ಹಿಂದೆಯೇ ಓಣಿಗೆ ಬಂದರು. ಅಕ್ಕ ಹೆಗಲ ಮೇಲೆ ರಾಡಿಟ್ಟುಕೊಂಡು ಬಸ್ಕಿಯಲ್ಲಿದ್ದಾಗ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಕೂಗಾಡಲಿಲ್ಲ. ಒಮ್ಮೆ ನೋಡಿ ತಿರುಗಿ ಹೋದರು. ನಸೀಮಾ ಆಂಟಿಯ ಚಾಪೆಯನ್ನು ತುಳಿದುಕೊಂಡೇ ಹೋದರು.

ಮಾರನೇ ಬೆಳಿಗ್ಗೆ ದೊಡ್ಡಪ್ಪ ಅಪ್ಪನನ್ನೂ ನಾಲ್ಕಾರು ಜನರನ್ನೂ ಕಟ್ಟಿಕೊಂಡು ಓಣಿಗೆ ಬಂದರು. ನಾನೂ ಹಿಂದೆಯೇ ಓಡಿದೆ. ಮಾಸ್ಟರ್ ಆಗಷ್ಟೇ ಸ್ಕೂಟರ್ ನಿಲ್ಲಿಸುತ್ತಿದ್ದರು. ವಿಷಯ ಅವರಿಗೂ ತಿಳಿದಿದ್ದರಿಂದ ನಸೀಮಾ ಆಂಟಿಯೂ ಬಂದಿದ್ದರು.

"ಷಟರ್ ಆಕ್ಕೊಂಡು ನಮ್ಮನೆ ಎಣ್ ಮಕ್ಳ ಜೊತೆ ಏನ್ ಮಾಡ್ತಿದ್ದೆ ನೀನು?" ಅಂದರು ದೊಡ್ಡಪ್ಪ.

"ಸಾರ್, ಷಟರ್ ಹಾಕಿರ್ಲಿಲ್ಲ..."

"ದೊಡ್ಡಪ್ಪ, ಆಂಟಿ ಅಲ್ಲೇ ಇದ್ರು. ನಾನೂ ಇದ್ದೆ" ಅಂದೆ ನಾನು.

"ನೀನು ಒಳಗೋಗು." ಅವರು ಅಪ್ಪನ ಕಡೆ ತಿರುಗಿದರು. "ಅವ್ನು ಯಾವ ಜನ ಅಂತ ಗೊತ್ತಿಲ್ವೇನೋ ನಿಂಗೆ? ಊರಾಗ್ ನಾನ್ ತಲೆ ಎತ್ಕಂಡ್ ಓಡಾಡೋದ್ ಬ್ಯಾಡ್ವಾ?"

ಆಗ ನಸೀಮಾ ಆಂಟಿ ಮುಂದೆ ಬಂದರು. "ದಿನಾ ನಾನು ಎದುರಿಗೇ ಕೂತಿದ್ದೆ ಸಾಹೇಬ್ರೆ. ನಾನು ಮನುಷ್ಯಳಲ್ವಾ? ನನ್ನ ಕಣ್ಣು ಕಣ್ಣಲ್ವಾ?"

ಆ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಅಪ್ಪ ನೆಲ ನೋಡುತ್ತಾ, "ಮಾಸ್ಟರ್, ಬೇಜಾರ್ ಮಾಡ್ಕೋಬೇಡಿ. ಖಾಲಿ ಮಾಡ್ಬಿಡಿ" ಅಂದರು. ಹುಡುಗರನ್ನು ಗದರಿಸಿ ಕುಣಿಸುತ್ತಿದ್ದ ಮಾಸ್ಟರ್ ಕೈ ಮುಗಿದರು. "ಆಯ್ತು ಸಾರ್" ಅಂದರು, ಅಷ್ಟೇ. ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಆ ಕ್ಷಣ ಮಾಸ್ಟರ್ ಮೇಲೂ ಅಷ್ಟೇ ಸಿಟ್ಟು ಬಂತು. ಅವರು ಕೈ ಮುಗಿಯದೆ ಇನ್ನೇನು ಮಾಡಬಹುದಿತ್ತು ಅಂತ ಅರ್ಥವಾದದ್ದು ನಾನು ದೊಡ್ಡವಳಾದ ಮೇಲೆ.

ಮಧ್ಯಾಹ್ನಕ್ಕೆ ಒಂದು ಟೆಂಪೊ ಬಂತು. ದೊಡ್ಡಪ್ಪ ಮತ್ತು ಅವರ ಜನ ಷಟರಿಗೆ ಎದುರಿನ ಜಗುಲಿಯ ಮೇಲೆ ಕೂತಿದ್ದರು. ದಿನಾ ಬಂದು ಅದೇ ಕಬ್ಬಿಣ ಎತ್ತಿ ತೋಳು ಬೆಳೆಸಿಕೊಂಡಿದ್ದ ಹುಡುಗರು ಓಣಿಯ ತುದಿಯಲ್ಲಿ ನಿಂತಿದ್ದರು. ಒಬ್ಬನೂ ಹತ್ತಿರ ಬರಲಿಲ್ಲ. ಮಾಸ್ಟರ್ ಒಬ್ಬರೇ ಒಂದೊಂದು ಬಿಲ್ಲೆಯನ್ನೂ ಎದೆಗೆ ಅವುಚಿಕೊಂಡು ಹೊರಗೆ ತರುತ್ತಿದ್ದರು. ಆಂಟಿ ಹನುಮಂತನ ಪಟವನ್ನು ಗೋಡೆಯಿಂದ ತೆಗೆದು, ಧೂಳು ಒರೆಸಿ, ನನ್ನ ಕೈಗೆ ಕೊಟ್ಟರು. "ಇದು ನಿಮ್ಮಲ್ಲೇ ಇರ್ಲಿ ಬೇಟಾ."

ಆಗ ಅಕ್ಕ ಮನೆಯೊಳಗಿನಿಂದ ಬಂದಳು. ವೇಲನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿದ್ದಳು. ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಎರಡು ದೊಡ್ಡ ಬಿಲ್ಲೆಗಳನ್ನು ಎರಡು ಕೈಯಲ್ಲಿ ಹಿಡಿದು ತಂದು ಟೆಂಪೊದಲ್ಲಿ ಇಟ್ಟಳು. ಮತ್ತೆ ಹೋದಳು.

"ಲತಾ! ಒಳಗೋಗು!" ದೊಡ್ಡಪ್ಪ ಎದ್ದು ನಿಂತರು.

ಅಕ್ಕ ಕೇಳಿಸಿಕೊಳ್ಳಲಿಲ್ಲ. ಬೆನ್ನು ಬಗ್ಗಿಸದೆ ಕೂತು, ಹಿಡಿದು, ಎದ್ದು, ನಡೆದು ಬಂದು ಇಡುತ್ತಿದ್ದಳು. ಬೆಂಚಿನ ಒಂದು ತುದಿಯನ್ನು ಮಾಸ್ಟರ್ ಹಿಡಿದರೆ ಇನ್ನೊಂದನ್ನು ಅವಳು ಹಿಡಿದಳು. ಉದ್ದನೆಯ ರಾಡನ್ನು ಹೆಗಲ ಮೇಲಿಟ್ಟುಕೊಂಡು ಒಬ್ಬಳೇ ತಂದಳು. ಅವಳು ಬರುವಾಗ ಓಣಿಯಲ್ಲಿದ್ದ ಗಂಡಸರು ರಾಡು ತಾಗೀತೆಂದು ಹಿಂದಕ್ಕೆ ಸರಿದರು. ನಾನು ಡಂಬೆಲ್ಲುಗಳನ್ನು ಹೊತ್ತು ಹಿಂದೆ ಮುಂದೆ ಓಡಾಡಿದೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕರೆಯಲಿಲ್ಲ.

ಎಲ್ಲ ತುಂಬಿದ ಮೇಲೆ ಅಕ್ಕ ಕೈ ಕೊಡವಿಕೊಂಡು ಜಗುಲಿಯ ಮುಂದೆ ಹೋಗಿ ನಿಂತಳು. "ದೊಡ್ಡಪ್ಪ, ಹೆಸರಘಟ್ಟದವರಿಗೆ ಹೇಳ್ಬಿಡಿ. ಅವರಿಗೋಸ್ಕರ ನಾನು ಇಳಿಯಲ್ಲ."

ಅಂಥ ಮಾತಿನ ಮೇಲೆ ಎಲ್ಲವೂ ಬದಲಾಗುವುದು ಕಥೆಗಳಲ್ಲಿ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಹೆಸರಘಟ್ಟದವರು ಸುದ್ದಿ ಕೇಳಿ, ಮೂಟೆ ಹೊರುವ ಹುಡುಗಿ ನಮಗೆ ಬೇಡ ಅಂತ ತಾವೇ ಹೇಳಿ ಕಳಿಸಿದರು. ತಪ್ಪೆಲ್ಲ ಅಕ್ಕನದು ಅಂತ ತೀರ್ಮಾನವಾಯಿತು. ಡಿಗ್ರಿಗೆ ಕಳಿಸುತ್ತೇವೆ ಅಂದದ್ದು ನಿಂತುಹೋಯಿತು. ಟೈಲರಿಂಗ್ ಕ್ಲಾಸು, ಮನೆ, ಮತ್ತೆ ಟೈಲರಿಂಗ್ ಕ್ಲಾಸು. ಮುಂದೆ ಮಾಕಳಿಯ ಕಡೆ ಮದುವೆಯಾಯಿತು. ಭಾವ ಒಳ್ಳೆಯವರು. ಆದರೂ ಅಕ್ಕ ಮತ್ತೆ ರಾಡು ಮುಟ್ಟಲಿಲ್ಲ. ಮುಟ್ಟುವುದಕ್ಕೆ ಎಲ್ಲಿತ್ತು? ಕೆಲಸಕ್ಕೆ ಸೇರಿದ ಮೇಲೆ ನಾನು ಆರ್.ಟಿ. ನಗರದಲ್ಲಿ ಮಾಸ್ಟರನ್ನು ಹುಡುಕಿದೆ. ಅವರು ಬಾಡಿಗೆಗಿದ್ದ ಮನೆ ಸಿಕ್ಕಿತು. ಅವರು ಎಲ್ಲಿಗೆ ಹೋದರು ಅಂತ ಹೇಳುವವರು ಸಿಗಲಿಲ್ಲ.

ಹೋದ ವರ್ಷ ದೊಡ್ಡಪ್ಪನ ಮಗ ಬಾಗಲೂರು ರಸ್ತೆಯಲ್ಲಿ ತನ್ನ ಹೊಸ ಕಟ್ಟಡದ ಒಂದು ಮಹಡಿಗೆ ಮಹಿಳೆಯರ ಜಿಮ್ ಮಾಡಿಸಿದ. ಎಸಿ, ಕನ್ನಡಿ, ಹಾಡು. ಟೇಪು ಕತ್ತರಿಸಿದ್ದು ದೊಡ್ಡಪ್ಪನೇ. ಮೈಕು ಹಿಡಿದು, "ಈಗಿನ ಕಾಲದಾಗೆ ಎಣ್ ಮಕ್ಳು ಗಟ್ಟಿಯಾಗಿರ್ಬೇಕು" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಕೈ ಏಳಲಿಲ್ಲ. ಎದ್ದು ಹೋಗಿ ಆ ಮೈಕು ಕಿತ್ತುಕೊಳ್ಳಬೇಕು ಅನ್ನಿಸಿತು. ಪಕ್ಕದಲ್ಲಿ ಕೂತಿದ್ದ ಅಕ್ಕ ನನ್ನ ಮೊಣಕೈ ಹಿಡಿದಳು. "ಬಿಡೇ, ವಯಸ್ಸಾಗಿದೆ ಅವರಿಗೆ."

"ನಿನಗೂ ಆಯ್ತಲ್ಲ ಅಕ್ಕ" ಅಂದೆ.

ಜನ ಊಟಕ್ಕೆ ಎದ್ದ ಮೇಲೆ ಅವಳು ಸೀರೆ ಒತ್ತರಿಸಿಕೊಂಡು ಹೊಸ ರಾಡಿನ ಹತ್ತಿರ ಹೋದಳು. ಬೆನ್ನು ನೆಟ್ಟಗಿಟ್ಟು ಕೂತಳು, ಮಾಸ್ಟರ್ ಹೇಳಿಕೊಟ್ಟ ಹಾಗೆಯೇ. ಕೈಯಿಟ್ಟಳು. ಅರ್ಧಕ್ಕೇ ಮಂಡಿ ಹಿಡಿದುಕೊಂಡಿತು. ಭಾವ ಓಡಿ ಬಂದು ಎಬ್ಬಿಸಿದರು. ಅವಳು ನಗುತ್ತಲೇ, "ಆಗಲ್ಲ ಕಣೇ" ಅಂದಳು.

ಆ ಕಾಲದ ಯಲಹಂಕ ಹೋಯಿತು, ಚಪ್ಪರಗಳು ಹೋದವು, ಕೆರೆಯ ಗಾಳಿ ಹೋಯಿತು ಅಂತ ಮರುಗುವವರನ್ನು ನಾನು ದಿನಾ ನೋಡುತ್ತೇನೆ. ಮರುಗಲಿ. ಆದರೆ ಅವುಗಳ ಹಳೇ ಫೋಟೋಗಳಾದರೂ ಇವೆ, ಇಷ್ಟು ಎಕರೆ ಇತ್ತು ಅಂತ ಹೇಳುವ ಪಹಣಿಗಳಿವೆ. ನಮ್ಮಕ್ಕ ಎಷ್ಟು ಎತ್ತಬಲ್ಲವಳಾಗಿದ್ದಳು ಅನ್ನುವುದು ಎಲ್ಲಿಯೂ ಇಲ್ಲ. ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಾಗುವುದಕ್ಕೆ ಅವರು ಬಿಡಲಿಲ್ಲ.